ಸಿದ್ದರಾಜು ಗೆಲ್ಲದ ಒಂದು ಲಕ್ಷ

ರಾಮಾಪುರದ ಸಿದ್ದರಾಜು ಲಾಟರಿಯಲ್ಲಿ ಒಂದು ಲಕ್ಷ ಗೆಲ್ಲಲಿಲ್ಲ. ಲಕ್ಷವಿರಲಿ, ಹತ್ತು ರೂಪಾಯಿಯ ಸಮಾಧಾನದ ಬಹುಮಾನವನ್ನೂ ಅವನು ಕಂಡವನಲ್ಲ. ಅವನು ಗೆದ್ದನೆಂದು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಮೈಕು ಹಿಡಿದು ಸಾರಿದವನು ನಾನು. ಆ ಸುಳ್ಳಿನಿಂದ ಅವನಿಗೆ ಕೂಲಿ ತಪ್ಪಿತು, ಸರ್ಕಾರದ ಮನೆ ತಪ್ಪಿತು, ಕಟ್ಟಿಕೊಂಡ ಹೆಂಡತಿಯ ನಂಬಿಕೆ ತಪ್ಪಿತು. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಯಾಕೆಂದರೆ ನನ್ನ ಕಸುಬಿನ ಕಥೆ ಶುರುವಾದರೆ ಈಗಲೂ ನನ್ನ ರಕ್ತ ಬಿಸಿಯಾಗುತ್ತದೆ. ಹೇಳುವ ಹುರುಪಿನಲ್ಲಿ ಮಾಡಿದ ತಪ್ಪೇ ಹಿಂದಕ್ಕೆ ಸರಿದುಬಿಟ್ಟೀತು ಎಂಬ ಹೆದರಿಕೆ.

ನಾನು ಯಳಂದೂರು ತಾಲ್ಲೂಕಿನ ಮಾಂಬಳ್ಳಿಯವನು. ಎರಡನೇ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕೊಳ್ಳೇಗಾಲದ ಬಸ್ ನಿಲ್ದಾಣದ ಎದುರಿದ್ದ ಲಾಟರಿ ಅಂಗಡಿಗೆ ಸೇರಿದೆ. ರಾಜ್ಯದಲ್ಲಿ ಲಾಟರಿ ನಿಲ್ಲುವ ದಿನದವರೆಗೂ ಅಲ್ಲೇ ಇದ್ದೆ. ನಿಂತ ಮೇಲೆ ಕೆಲವು ವರ್ಷ ಪಕ್ಕದ ರಾಜ್ಯದ ಟಿಕೆಟನ್ನು ಬಾಳೆಕಾಯಿ ಚೀಲದಲ್ಲಿ ತರಿಸಿ ಕದ್ದು ಮಾರಿದೆ, ಕ್ರಿಕೆಟ್ ಪಂದ್ಯಕ್ಕೆ ಜೂಜಿನ ಚೀಟಿ ಬರೆದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ. ಈಗ ಮೊಣಕಾಲು ನೋವಿನ ಮುದುಕ. ಹೀಗಿರುವಾಗ ಹೋದ ವರ್ಷ ನಮ್ಮ ಬೀದಿಯ ಮೊಬೈಲ್ ಅಂಗಡಿಯ ಕುಮಾರ ಬಂದು ಪಕ್ಕದಲ್ಲಿ ಕೂತ. ಫೋನಿನಲ್ಲೇ ಕ್ರಿಕೆಟ್ಟಿಗೂ ಕುದುರೆಗೂ ದುಡ್ಡು ಕಟ್ಟಿಸುವ ಆಟಕ್ಕೆ ಜನ ಸೇರಿಸಿ ಕಮಿಷನ್ ತಗೊಳ್ಳುವ ಕೆಲಸ ಅವನು ಹೊಸದಾಗಿ ಹಿಡಿದಿದ್ದ.

"ತಾತ, ನಿಮ್ ಕಾಲ್ದಲ್ಲಿ ಜನನ ಎಂಗೆ ಇಡ್ಕತಿದ್ರಿ? ಒಂದ್ ಸಲ ಸೋತ್ರೆ ನಮ್ಮೋರು ಫೋನೇ ಎತ್ತಲ್ಲ" ಎಂದ. ಆಮೇಲೆ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಯಾರೋ ಹುಡುಗ ನೋಟಿನ ಕಟ್ಟು ಹಿಡಿದು ಹಲ್ಲು ಬಿಟ್ಟಿದ್ದ. ಇವನು ನಿಜವಾಗಿ ಗೆದ್ದನೇನಪ್ಪ ಎಂದು ಕೇಳಿದೆ.

"ಗೆದ್ನೋ ಬುಟ್ನೋ, ಯಾರ್ ಕೇಳ್ತಾರೆ? ಫೋಟೋ ಮುಖ್ಯ ತಾತ."

ಕುಮಾರನಂಥವರು ಓದಲಿ ಎಂದೇ ಇದನ್ನು ಬರೆಯುತ್ತಿರುವುದು.

ಮೊದಲು ಕಸುಬಿನ ಸೊಗಸು ಹೇಳುತ್ತೇನೆ, ಸುಳ್ಳು ಹೇಳಬಾರದಲ್ಲ. ಅಂಥ ಕೆಲಸ ಇನ್ನೊಂದಿರಲಿಲ್ಲ. ಟಿಕೆಟ್ಟುಗಳನ್ನು ಬೀಸಣಿಗೆಯ ಹಾಗೆ ಅರಳಿಸಿ ಹಿಡಿಯುವುದನ್ನು ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು. ಎಡಗೈಯಲ್ಲಿ ನವಿಲುಗರಿಯಂತೆ ಟಿಕೆಟ್, ಬಲಗೈಯಲ್ಲಿ ಚಿಲ್ಲರೆ, ಬಾಯಲ್ಲಿ ಕೂಗು. ಹನೂರಿನ ಬಸ್ಸು ಹೊರಡುವ ಮುಂಚೆ ಕಿಟಕಿಯಿಂದ ಕಿಟಕಿಗೆ ಓಡುತ್ತ ನಲವತ್ತು ಟಿಕೆಟ್ ಮಾರಬೇಕು. ಬಸ್ಸು ಚಲಿಸಿದರೂ ಮಾರಾಟ ನಿಲ್ಲಬಾರದು. ಒಮ್ಮೆ ಒಬ್ಬ ಅಜ್ಜಿ ಕಿಟಕಿಯಿಂದ ದುಡ್ಡು ಎಸೆದಳು, ನಾನು ಟಿಕೆಟ್ ಎಸೆದೆ, ಅದು ಗಾಳಿಗೆ ಹಾರಿ ಕಂಡಕ್ಟರನ ಚೀಲಕ್ಕೆ ಬಿತ್ತು. ಆ ವಾರ ಅದಕ್ಕೆ ಐವತ್ತು ರೂಪಾಯಿ ಬಂತು. ಅಜ್ಜಿಯೂ ಕಂಡಕ್ಟರನೂ ಮುಂದಿನ ಸಲ ಹನೂರಿನ ತನಕ ಜಗಳವಾಡಿ ಕೊನೆಗೆ ಇಬ್ಬರೂ ಅರ್ಧರ್ಧ ಹಂಚಿಕೊಂಡರಂತೆ. ಅಂದಿನಿಂದ ಆ ಕಂಡಕ್ಟರ್ ಅಜ್ಜಿಗೆ ಸೀಟು ಹಿಡಿದಿಡುತ್ತಿದ್ದ.

ಫಲಿತಾಂಶದ ಸಂಜೆಯಂತೂ ಕೇಳಬೇಡಿ. ಮೈಸೂರಿನ ಬಸ್ಸಿನಲ್ಲಿ ಫಲಿತಾಂಶದ ಹಾಳೆ ಬರುತ್ತಿತ್ತು. ಬಸ್ಸು ತಿರುವಿನಲ್ಲಿ ಕಂಡರೆ ಸಾಕು, ಹೂವಿನವರು, ರೇಷ್ಮೆ ಗೂಡು ಮಾರಲು ಬಂದವರು, ಧನಗೆರೆಯ ಎಮ್ಮೆ ವ್ಯಾಪಾರಿಗಳು, ಪಾಠ ಮುಗಿಸಿದ ಮೇಷ್ಟ್ರು, ಎಲ್ಲರೂ ಅಂಗಡಿ ಮುಂದೆ. ನಾನು ಸ್ಟೂಲಿನ ಮೇಲೆ ಹತ್ತಿ ಕಪ್ಪು ಹಲಗೆಯ ಮೇಲೆ ಒಂದೊಂದೇ ಅಂಕಿ ಬರೆಯುತ್ತಿದ್ದೆ. ಮೊದಲ ಅಂಕಿಗೆ ಅರ್ಧ ಜನ ಉಸಿರು ಬಿಡುತ್ತಿದ್ದರು. ಎರಡನೆಯದಕ್ಕೆ ಇನ್ನೂ ಅರ್ಧ. ನಾಲ್ಕನೇ ಅಂಕಿಗೆ ನಾಲ್ಕೋ ಐದೋ ಜನ ಉಳಿದಿರುತ್ತಿದ್ದರು, ಆಗ ಮಿಕ್ಕವರೆಲ್ಲ ತಮ್ಮ ಸೋಲು ಮರೆತು ಆ ನಾಲ್ವರ ಮುಖ ನೋಡುತ್ತಿದ್ದರು. ಸೀಮೆಸುಣ್ಣ ನನ್ನ ಕೈಯಲ್ಲಿ. ಮುಂದಿನ ಅಂಕಿ ಬರೆಯದೆ ನಾನು ಬೇಕೆಂದೇ ತಿರುಗಿ ಜನರನ್ನು ನೋಡುತ್ತಿದ್ದೆ. "ಬರೀಲಾ ಲೇ, ಪ್ರಾಣ ಓಯ್ತದೆ" ಎಂದು ಯಾರಾದರೂ ಗದರುತ್ತಿದ್ದರು. ಅದನ್ನು ಕೇಳುವುದಕ್ಕೆಂದೇ ನಿಲ್ಲಿಸುತ್ತಿದ್ದೆ. ಇಷ್ಟು ವಯಸ್ಸಾದರೂ ಆ ಮೌನ ನೆನೆದರೆ ಮೈ ಜುಮ್ಮೆನ್ನುತ್ತದೆ.

ನನ್ನ ಮೊದಲ ದೊಡ್ಡ ಎಡವಟ್ಟು ಆ ಹಲಗೆಯ ಮೇಲೆಯೇ ಆಯಿತು. ಅವಸರದಲ್ಲಿ ಆರು ಒಂಬತ್ತನ್ನು ಅದಲುಬದಲು ಮಾಡಿ ಬರೆದೆ. ಎದುರಿನ ಕ್ಷೌರದಂಗಡಿಯ ನಾಗಣ್ಣನ ಟಿಕೆಟ್ಟಿಗೆ ಅದು ಸರಿಯಾಗಿ ಹೊಂದಿತು. ಐದು ಸಾವಿರ. ಗಿರಾಕಿಯ ಮೀಸೆ ಒಂದು ಕಡೆ ಬೋಳಿಸಿ ಇನ್ನೊಂದು ಕಡೆ ಬಿಟ್ಟು ನಾಗಣ್ಣ ಓಡಿ ಬಂದ. ಸಾಲದಲ್ಲಿ ಜಿಲೇಬಿ ತಂದು ಬಸ್ ನಿಲ್ದಾಣಕ್ಕೆಲ್ಲ ಹಂಚಿದ. ಅರ್ಧ ಮೀಸೆಯ ಗಿರಾಕಿಯೂ ಎರಡು ಜಿಲೇಬಿ ತಿಂದ. ಆಮೇಲೆ ನಾನು ಹಾಳೆಯನ್ನು ಇನ್ನೊಮ್ಮೆ ನೋಡಿದೆ. ತಪ್ಪು ಕಣ್ಣಿಗೆ ಬಿತ್ತು. ಹಲಗೆ ಒರೆಸಿ ಸರಿ ಮಾಡುವಾಗ ನಾಗಣ್ಣ ನನ್ನ ಕೊರಳಪಟ್ಟಿ ಹಿಡಿದ.

ಆಗ ಒಳಗಿನಿಂದ ಎದ್ದು ಬಂದವರು ಅಂಗಡಿಯ ಧಣಿ ಬಸವರಾಜಪ್ಪನವರು. ಜುಬ್ಬಾ ತೊಟ್ಟ ದಪ್ಪ ಮನುಷ್ಯ, ಎಂದೂ ದನಿ ಎತ್ತಿದವರಲ್ಲ. ನಾಗಣ್ಣನ ಹೆಗಲ ಮೇಲೆ ಕೈ ಹಾಕಿ, "ನಾಗಣ್ಣ, ಇದುನ್ನ ಸೋಲು ಅಂತೀಯಾ ನೀನು? ಎರಡೇ ಎರಡು ಅಂಕಿ ಸ್ಥಳ ಬದಲಾಗವೆ. ಲಕ್ಷ್ಮಿ ನಿನ್ ಬಾಗ್ಲ್ ತಂಕ ಬಂದು ಪಕ್ಕದ ಬಾಗ್ಲು ತಟ್ಟವಳೆ. ಮುಂದಿನ ವಾರ ಬುಡ್ತಾಳಾ?" ಎಂದರು.

ನಾಗಣ್ಣ ನನ್ನ ಕೊರಳು ಬಿಟ್ಟ. ಮುಂದಿನ ವಾರಕ್ಕೆ ಹತ್ತು ಟಿಕೆಟ್ ತಗೊಂಡ. ಅಷ್ಟು ದಿನ ಅವನು ತಗೊಳ್ಳುತ್ತಿದ್ದದ್ದು ಒಂದು.

ಅಂದು ಧಣಿ ನನ್ನನ್ನು ಬೈಯಲಿಲ್ಲ. ಒಳಗೆ ಕರೆದು, "ಸೋತೋನಿಗೆ ಸೋತೆ ಅನ್ಬ್ಯಾಡ. ಒಂದೇ ನಂಬರ್‌ನಲ್ಲಿ ಓಯ್ತು ಅನ್ನು. ಸೋತೋನು ಮನೆಗೆ ಓಯ್ತನೆ, ಒಂದೇ ನಂಬರ್‌ನಲ್ಲಿ ತಪ್ಪುಸ್ಕಂಡೋನು ನಮ್ ಅಂಗ್ಡಿಗೆ ಬತ್ತನೆ" ಎಂದರು. ಅಂದಿನಿಂದ ಟಿಕೆಟ್ ಹಿಡಿದು ಬಂದ ಯಾರಿಗೂ ನಾನು ನಿಜವಾದ ಅಂತರ ಹೇಳಲಿಲ್ಲ. ಓದಲು ಬಾರದವರ ಟಿಕೆಟ್ಟನ್ನು ಕೈಗೆ ತಗೊಂಡು, ಕಣ್ಣು ಕಿರಿದು ಮಾಡಿ, ನಾಲಗೆ ಲೊಚಗುಟ್ಟಿ, "ಅಯ್ಯೋ, ಒಂದೇ ನಂಬರ್ ಕಣಮ್ಮ" ಎನ್ನುತ್ತಿದ್ದೆ. ಎಷ್ಟು ಸಾವಿರ ಸಲ ಹೇಳಿದೆನೋ. ಅದು ನನ್ನ ನಾಲಗೆಗೆ ಅಂಟಿಕೊಂಡುಬಿಟ್ಟಿತು.

ಈಗ ಸಿದ್ದರಾಜುವಿನ ವಿಷಯ. ಅವನ ಕೆಲಸ ಹುಣಸೆ ಮರ ಬಡಿಯುವುದು. ರಾಮಾಪುರದ ಸುತ್ತಮುತ್ತ ಮರ ಹತ್ತಿ ಕೋಲಿನಿಂದ ಹಣ್ಣು ಉದುರಿಸಿ ಪಾಲು ಪಡೆಯುತ್ತಿದ್ದ. ತನ್ನ ಪಾಲಿನ ಹುಣಸೆಯನ್ನು ಕೊಳ್ಳೇಗಾಲದ ಸಂತೆಗೆ ತರುತ್ತಿದ್ದ. ತಂದಾಗಲೆಲ್ಲ ಒಂದೇ ಒಂದು ಟಿಕೆಟ್. ಒಮ್ಮೆ ಗಲಾಟೆಯಲ್ಲಿ ನಾನು ಅವನಿಗೆ ಐವತ್ತು ರೂಪಾಯಿ ಚಿಲ್ಲರೆ ಹೆಚ್ಚಿಗೆ ಕೊಟ್ಟುಬಿಟ್ಟೆ. ಅವನು ಹನೂರು ತಲುಪಿ ಎಣಿಸಿ ನೋಡಿ, ಊರ ಬಸ್ಸು ಬಿಟ್ಟು ವಾಪಸ್ ಬಸ್ಸು ಹತ್ತಿ ಬಂದ. "ತಕಳಿ ಸಾ, ಇದು ನಿಮ್ದು. ಬಸ್ ಚಾರ್ಜು ಬ್ಯಾಡ, ಟೀ ಕುಡ್ಸಿ ಸಾಕು" ಎಂದ. ಆ ಟೀ ಕುಡಿದದ್ದೇ ನಮ್ಮ ಸ್ನೇಹ.

ಆ ವರ್ಷ ನಮ್ಮ ಅಂಗಡಿಗೆ ಕಷ್ಟ ಬಂತು. ಯಳಂದೂರಿನಲ್ಲಿ ಹೊಸದಾಗಿ ತೆರೆದ ಅಂಗಡಿಯಲ್ಲಿ ಮಾರಿದ ಟಿಕೆಟ್ಟಿಗೆ ನಿಜವಾಗಿ ದೊಡ್ಡ ಬಹುಮಾನ ಬಂತು. ಅವರು ಗೆದ್ದವನಿಗೆ ಹಾರ ಹಾಕಿ, ಫೋಟೋ ತೆಗೆಸಿ, ಅಂಗಡಿ ಮುಂದೆ ನೇತುಹಾಕಿದರು. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬಂಡವಾಳವಿಲ್ಲ. ಜನ ಟಿಕೆಟ್ ಕೊಳ್ಳುವುದಕ್ಕೆ ಮೊದಲು ಗೆದ್ದವನ ಮುಖ ನೋಡುತ್ತಾರೆ; ತನ್ನ ಹಾಗೆಯೇ ಹರಿದ ಅಂಗಿಯವನು ಎಂದು ಕಂಡರೆ ಕೈ ಜೇಬಿಗೆ ಹೋಗುತ್ತದೆ. ನಮ್ಮ ಗಿರಾಕಿಗಳೆಲ್ಲ ಯಳಂದೂರಿನ ಬಸ್ಸು ಹತ್ತತೊಡಗಿದರು. ನನ್ನ ಸ್ವಂತ ಊರಿನ ಮಾಂಬಳ್ಳಿಯವರೇ ನನ್ನನ್ನು ಬಿಟ್ಟು ಅಲ್ಲಿ ಕೊಳ್ಳುತ್ತಿದ್ದರು.

ಧಣಿ ಎರಡು ತಿಂಗಳು ನೋಡಿದರು. ಆಮೇಲೆ ಒಂದು ದಿನ, "ಗೆದ್ದೋನು ಸಿಕ್ದಿದ್ರೆ ಒಬ್ಬುನ್ನ ಮಾಡು" ಎಂದರು.

ಎಂಥವನು ಬೇಕು ಎಂದು ಅವರೇ ವಿವರಿಸಿದರು. ದೂರದ ಊರಿನವನಾಗಬೇಕು. ಬಡವನಾಗಬೇಕು. ಕುಡಿಯಬಾರದು, ಕುಡಿದರೆ ಬಾಯಿ ಬಿಡುತ್ತಾನೆ. ಎಲ್ಲಕ್ಕಿಂತ ಮುಖ್ಯ, ಮಾತು ಕೊಟ್ಟರೆ ತಪ್ಪದವನಾಗಬೇಕು. ಅವರು ಹೇಳಿ ಮುಗಿಸುವ ಮೊದಲೇ ನನ್ನ ಮನಸ್ಸಿನಲ್ಲಿ ಸಿದ್ದರಾಜುವಿನ ಮುಖ ಬಂದುಬಿಟ್ಟಿತ್ತು. ಐವತ್ತು ರೂಪಾಯಿ ಹಿಂದಿರುಗಿಸಿದ ಆ ಗುಣವನ್ನೇ ನಾನು ಮಾರಿದೆ.

ಮುಂದಿನ ಸಂತೆಗೆ ಅವನು ಬಂದ. ಹಿಂದಿನ ವಾರ ಕೊಂಡ ಟಿಕೆಟ್ಟು ಜೇಬಿನಲ್ಲಿತ್ತು. ನಾನು ಅದನ್ನು ಈಸಿಕೊಂಡು ವಿಷಯ ಹೇಳಿದೆ. ಬರೀ ಒಂದು ಫೋಟೋ, ನಾಟಕದಲ್ಲಿ ರಾಜನ ವೇಷ ಹಾಕಿದ ಹಾಗೆ, ಇನ್ನೂರು ರೂಪಾಯಿ, ಒಂದು ಹೊಸ ಪಂಚೆ.

"ಊರಲ್ಲಿ ಗೊತ್ತಾದ್ರೆ ಸಾ?"

"ಕೊಳ್ಳೇಗಾಲದ ಫೋಟೋನ ರಾಮಾಪುರಕ್ಕೆ ಯಾರು ತಕಂಡು ಬತ್ತಾರೆ? ಯೋಳು."

ಅವನು ತಲೆ ಕೆರೆದುಕೊಂಡ. ಪಂಚೆಯ ಅಂಚು ಮುಟ್ಟಿ ನೋಡಿದ. ಒಪ್ಪಿದ. ಧಣಿ ಅಷ್ಟಕ್ಕೇ ಬಿಡಲಿಲ್ಲ. ಆಣೆ ಮಾಡಿಸು ಎಂದು ನನಗೆ ಸನ್ನೆ ಮಾಡಿದರು. ಗೋಡೆಯ ಮೇಲಿದ್ದ ನಮ್ಮ ಬೆಟ್ಟದ ದೇವರು ಮಾದಪ್ಪನ ಪಟದ ಮುಂದೆ ಸಿದ್ದರಾಜುವಿನ ಕೈ ಹಿಡಿದು, ನಾನೇ ಹೇಳಿಕೊಟ್ಟು ಆಣೆ ಮಾಡಿಸಿದೆ: ಈ ವಿಷಯವನ್ನು ಹೆಂಡತಿಗೂ ಹೇಳುವುದಿಲ್ಲ. ನಮ್ಮ ಕಡೆ ಮಾದಪ್ಪನ ಆಣೆಯೆಂದರೆ ಕಾಗದದ ಮೇಲಿನ ರುಜುವಲ್ಲ. ಮಾಡಿಸಿದವನು ಬಿಡಿಸುವ ತನಕ ಅದು ಬಿಡುವುದಿಲ್ಲ.

ಫೋಟೋ ತೆಗೆಯುವಾಗ ಸ್ಟುಡಿಯೋದವನು ಉತ್ಸಾಹದಲ್ಲಿ ಟಿಕೆಟ್ಟಿನ ನಂಬರು ಸ್ಪಷ್ಟವಾಗಿ ಕಾಣುವ ಹಾಗೆ ಹಿಡಿಸಿಬಿಟ್ಟ. ಹಾರ ಹಾಕಿಕೊಂಡ ಸಿದ್ದರಾಜುವಿನ ಎದೆಯ ಮುಂದೆ ಏಳು ಅಂಕಿ ಸಾಲಾಗಿ ನಿಂತಿದ್ದವು. ಧಣಿ ನೋಡಿದ ಕೂಡಲೇ, "ಯಾವನಾರ ಹಳೇ ಹಾಳೆ ಹಿಡ್ಕಂಡು ತಾಳೆ ನೋಡುದ್ರೆ?" ಎಂದರು. ಆಮೇಲೆ ತಾವೇ, ವಾರ ಕಳೆದ ಹಾಳೆ ಬೋಂಡ ಕಟ್ಟಲು ಹೋಗುತ್ತದೆ, ಆದರೂ ಆ ಟಿಕೆಟ್ ಯಾರ ಕೈಗೂ ಸಿಗಬಾರದು, ನೀನೇ ಇಟ್ಟುಕೋ ಎಂದರು. ನಾನು ಅದನ್ನು ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ಲಾಸ್ಟಿಕ್ ಹೊದಿಕೆಯೊಳಗೆ ಸೇರಿಸಿಟ್ಟೆ.

ಫೋಟೋ ಕೊಳ್ಳೇಗಾಲದಲ್ಲೇ ಉಳಿಯುತ್ತದೆ ಎಂದಿದ್ದೆನಲ್ಲ. ಒಂದು ವಾರದಲ್ಲಿ ಧಣಿ ಜೀಪು ಗೊತ್ತು ಮಾಡಿದರು. ಫೋಟೋ ದೊಡ್ಡದು ಮಾಡಿಸಿ ಜೀಪಿನ ಮುಂದೆ ಕಟ್ಟಿಸಿದರು. ಮೈಕು ನನ್ನ ಕೈಗೆ ಬಂತು. ಯಳಂದೂರು, ಮಾಂಬಳ್ಳಿ, ಧನಗೆರೆ, ಹನೂರು. ಕೂಗಿದಂತೆಲ್ಲ ನನಗೆ ಹುಚ್ಚು ಏರಿತು. ಜನ ಹಿಂದೆ ಓಡಿ ಬರುತ್ತಿದ್ದರು, ಟಿಕೆಟ್ ಖಾಲಿ, ಮತ್ತೆ ತರಿಸಿ ಮತ್ತೆ ಖಾಲಿ. ಹನೂರಿನಲ್ಲಿ ಜೀಪಿನ ಡ್ರೈವರ್, "ಇಲ್ಗಂಟ ಬಂದಿವಿ, ಗೆದ್ದೋನೂರ್ಗೂ ಒಂದ್ ರೌಂಡ್ ಓಗನ ಬುಡಿ" ಎಂದ. ಬೇಡ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಆಗಲಿ ಎಂದೆ. ರಾಮಾಪುರದ ಬಸ್ ಸ್ಟಾಪಿನಲ್ಲಿ ನಿಂತು, ಆ ಊರಿನವರಿಗೇ ಅವರ ಊರಿನ ಲಕ್ಷಾಧಿಪತಿಯ ಹೆಸರು ಕೂಗಿ ಹೇಳಿ, ಮಕ್ಕಳಿಗೆ ಪೆಪ್ಪರಮಿಂಟು ಎಸೆದು ಬಂದೆ. ಫೋಟೋದ ಒಂದು ಪ್ರತಿಗೆ ಕಟ್ಟು ಹಾಕಿಸಿ ಸಿದ್ದರಾಜುವಿನ ಮನೆಗೂ ಕೊಟ್ಟೆ. ಅವನು ಮನೆಯಲ್ಲಿರಲಿಲ್ಲ, ಯಾವುದೋ ಮರದ ಮೇಲಿದ್ದ.

ಎರಡು ವರ್ಷ ಅವನು ಕೊಳ್ಳೇಗಾಲದ ಸಂತೆಗೆ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದು ಅಂಗಡಿ ಮೆಟ್ಟಿಲ ಕೆಳಗೆ ನಿಂತ. ಸೊರಗಿ ಹೋಗಿದ್ದ.

"ಸಾ, ಮರ ಬಡಿಯಕ್ಕೆ ಯಾರೂ ಕರೀತಿಲ್ಲ. ಲಕ್ಷ ಇಕ್ಕಂಡೋನ್ಗೆ ಯಾಕ್ಲಾ ಕೂಲಿ ಅಂತರೆ. ಮನೆ ಇಲ್ದೋರ ಪಟ್ಟೀಲಿ ನನ್ನೆಸ್ರಿತ್ತು, ತಗ್ದಾಕವ್ರೆ. ಒಂದ್ಸಲ ಬಂದು ಇವ್ನು ಗೆದ್ದಿಲ್ಲ ಅಂತ ಯೋಳ್ಬುಡಿ ಸಾ. ನಾ ಯೋಳಂಗಿಲ್ವಲ್ಲ, ಆಣೆ."

ಒಳಗೆ ಧಣಿ ಕೂತಿದ್ದರು. ಹಲಗೆಯ ಮುಂದೆ ಜನ ನಿಂತಿದ್ದರು. ನಾನು, ಮುಂದಿನ ವಾರ ನೋಡೋಣ ಎಂದೆ. ಅವನು "ಆಯ್ತು ಬುಡಿ ಸಾ" ಎಂದು ಹೊರಟ. ಅವನು ಮತ್ತೆ ಕೇಳಲಿಲ್ಲ, ನಾನು ಹೋಗಲಿಲ್ಲ. ಓದುವ ಹುಡುಗರೇ, ನನ್ನ ಬದುಕಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆ ಫೋಟೋ ಅಲ್ಲ. ಆ "ಮುಂದಿನ ವಾರ".

ಕಾಲ ಬದಲಾಯಿತು. ಹಲಗೆ ಹೋಗಿ ಕಂಪ್ಯೂಟರ್ ಬಂತು. ವಾರಕ್ಕೊಮ್ಮೆ ಇದ್ದ ಡ್ರಾ ದಿನಕ್ಕೊಮ್ಮೆಯಾಯಿತು, ಆಮೇಲೆ ಕಾಲು ಗಂಟೆಗೊಮ್ಮೆ. ಮೊದಲು ಜನ ಒಂದು ಟಿಕೆಟ್ ಕೊಂಡು ವಾರವಿಡೀ ಕನಸು ಕಾಣುತ್ತಿದ್ದರು. ಎಮ್ಮೆ ಕೊಳ್ಳುತ್ತಿದ್ದರು, ಮಗಳ ಮದುವೆ ಮಾಡುತ್ತಿದ್ದರು, ಎಲ್ಲ ಮನಸ್ಸಿನಲ್ಲೇ. ಕಾಲು ಗಂಟೆಯಲ್ಲಿ ಕನಸು ಕಾಣಲು ಪುರುಸೊತ್ತೆಲ್ಲಿ? ಪರದೆ ನೋಡುತ್ತ ನಿಂತ ಮುಖಗಳಲ್ಲಿ ಜಗಳವೂ ಇಲ್ಲ, ನಗುವೂ ಇಲ್ಲ. ನಾಗಣ್ಣ ಕತ್ತರಿ, ಕುರ್ಚಿ, ಕನ್ನಡಿ ಒಂದೊಂದಾಗಿ ಮಾರಿ ಆ ಪರದೆಗೆ ಕಟ್ಟಿದ. ಸರ್ಕಾರ ಲಾಟರಿ ನಿಲ್ಲಿಸಿದ ದಿನ ಅವನ ಹೆಂಡತಿ ಅಂಗಡಿ ಮುಂದೆ ನಿಂತು ತೆಂಗಿನಕಾಯಿ ಒಡೆದಳು. ಒಡೆದ ಚೂರನ್ನು ನನ್ನ ಕೈಗೂ ಕೊಟ್ಟು, "ತಿನ್ನಣ್ಣ" ಎಂದಳು. ತಿಂದೆ. ಕುಮಾರಾ, ನಿನ್ನ ಫೋನಿನಲ್ಲಿ ಆ ಕಾಲು ಗಂಟೆಯೂ ಇಲ್ಲವಲ್ಲ. ಒಂದೊಂದು ಬಾಲಿಗೂ ದುಡ್ಡು.

ಕುಮಾರ ಫೋಟೋ ತೋರಿಸಿದ ಮಾರನೇ ವಾರ ನಾನು ಕೊಳ್ಳೇಗಾಲದಲ್ಲಿ ಮೊಣಕಾಲಿನ ಮಾತ್ರೆ ತರಲು ಹೋಗಿದ್ದೆ. ಔಷಧಿ ಅಂಗಡಿಯಲ್ಲಿ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ ಮಾಡುವವಳು ಎಂದು ಬೆಂದ ಬೆರಳ ತುದಿಗಳೇ ಹೇಳುತ್ತಿದ್ದವು.

"ನೀವು ಜೀಪಲ್ಲಿ ಮೈಕ್ ಇಡ್ಕಂಡು ಬಂದಿದ್ದೋರಲ್ವಾ? ಪೆಪ್ಪರಮಿಂಟು ಎಸ್ದಿದ್ರಿ. ನಾನು ಲಾಟ್ರಿ ಸಿದ್ದನ ಮಗಳು, ಮಾದೇವಿ."

ಅಪ್ಪ ಹೇಗಿದ್ದಾನೆ ಎಂದೆ.

"ಅವ್ನೆ. ಕಣ್ಣು ಮಂಜು. ಈಗ್ಲೂ ಅದೇ ಸೋಗೆ ಮನೆ." ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಸಾ, ನಿಮ್ಗಾರ ಗೊತ್ತಾ? ಆ ದುಡ್ಡ ಎಲ್ ಮಡ್ಗವ್ನೆ? ಅವ್ವ ನೆಲಾನೆಲ್ಲ ಅಗ್ದು ನೋಡ್ಬುಟ್ಳು. ತಮಿಳುನಾಡಲ್ಲಿ ಯಾವ್ಳನ್ನೋ ಇಕ್ಕಂಡು ಅವ್ಳ್ಗೆ ಕೊಟ್ಟವ್ನೆ ಅಂತ ಮೂರ್ ಸಲ ತವ್ರಿಗೆ ಓಗಿದ್ಳು. ಬರೋ ಸೋಮವಾರ ಊರಲ್ಲಿ ಸಭೆ ಅದೆ, ಮನೆ ಪಟ್ಟಿ ಓದ್ತರೆ. ಈ ಸಲ್ವೂ ಎಸ್ರು ತಗೀತರೆ. ದುಡ್ಡ ಎಲ್ಲದೆ ಅಂತ ಗೊತ್ತಾದ್ರೆ ನಾವೇ ಒಂದ್ ಗೋಡೆ ಏಳುಸ್ಕತೀವಿ."

ಮಗಳೂ ನಂಬಿದ್ದಳು. ಅಲ್ಲೇ ನಿಜ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಔಷಧಿ ಅಂಗಡಿಯಲ್ಲಿ ಒಬ್ಬಳಿಗೆ ಪಿಸುಗುಟ್ಟಿದರೆ ಆಗುವ ಕೆಲಸವಲ್ಲ ಇದು. ಮೈಕಿನಲ್ಲಿ ಕೂಗಿದ ಸುಳ್ಳಿಗೆ ಎಲ್ಲರ ಮುಂದೆ ಕೂಗಿ ಹೇಳುವ ನಿಜವೇ ಆಗಬೇಕು. "ಸೋಮವಾರ ಬತ್ತೀನಿ ಕಣವ್ವ" ಎಂದೆ. ಮನೆಗೆ ಬಂದು ಅಂಕಪಟ್ಟಿಯ ಹೊದಿಕೆ ಹುಡುಕಿದೆ.

ಸೋಮವಾರ ರಾಮಾಪುರದಲ್ಲಿ ಬಸ್ಸಿಳಿದೆ. ಮೊದಲು ಸಿದ್ದರಾಜುವಿನ ಮನೆಗೆ ಹೋದೆ. ಅವನು ಜಗುಲಿಯ ಮೇಲೆ ಕೂತು ಹುಣಸೆ ಬೀಜ ಬಿಡಿಸುತ್ತಿದ್ದ. ದನಿ ಕೇಳಿಯೇ ಗುರುತು ಹಿಡಿದು, "ಸಾ, ಬನ್ನಿ. ಮುಂದಿನ ವಾರ ಅಂದಿದ್ರಿ" ಎಂದ. ಕುಹಕವಾಡಿದನೋ, ಸುಮ್ಮನೆ ಅಂದನೋ ಗೊತ್ತಾಗಲಿಲ್ಲ. ನಾನು ಅವನ ಕೈ ಹಿಡಿದು, ಮಾದಪ್ಪನ ಹೆಸರು ಹೇಳಿ, ನಾನು ಮಾಡಿಸಿದ ಆಣೆಯನ್ನು ನಾನೇ ಬಿಡಿಸಿದ್ದೇನೆ ಎಂದೆ. ಅವನು ಬೀಜ ಬಿಡಿಸುವುದನ್ನು ನಿಲ್ಲಿಸಿದ. ಎದ್ದು, ಮಾದೇವಿಯ ಕೈ ಹಿಡಿದು ನನ್ನ ಜೊತೆ ಸಭೆಗೆ ಹೊರಟ.

ಸಭೆ ಶಾಲೆಯ ಮುಂದೆ ನಡೆದಿತ್ತು. ಪಂಚಾಯಿತಿಯ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೆಸರುಗಳನ್ನು ಓದುತ್ತಿದ್ದರು. ಸಿದ್ದರಾಜು ಎಂದ ಕೂಡಲೇ ಹಿಂದಿನಿಂದ ನಗು ಎದ್ದಿತು. "ಮೇಡಂ, ಅವನು ಲಕ್ಷಾಧಿಪತಿ. ನೀವೇ ಅವ್ನತ್ರ ಸಾಲ ತಕಳಿ" ಎಂದವನು ಪುಟ್ಟಮಾದಯ್ಯ. ನನ್ನ ವಯಸ್ಸಿನವನು, ಹಳೆಯ ಲಾಟರಿ ಆಟಗಾರ, ನನಗೆ ಚೆನ್ನಾಗಿ ಗೊತ್ತಿದ್ದ ಗಿರಾಕಿ.

ನಾನು ಎದ್ದು ನಿಂತೆ. ಮೈಕು ಕೇಳಿದೆ. ಅಧಿಕಾರಿ ಅನುಮಾನಿಸುತ್ತಲೇ ಕೊಟ್ಟರು. ಇವನು ಗೆಲ್ಲಲಿಲ್ಲ, ಇನ್ನೂರು ರೂಪಾಯಿಗೆ ಫೋಟೋ ತೆಗೆಸಿಕೊಂಡ, ಸುಳ್ಳು ನಮ್ಮದು, ಕೂಗಿದವನು ನಾನು ಎಂದು ಹೇಳಿದೆ. ಕೂಡಲೇ ಪುಟ್ಟಮಾದಯ್ಯ ಕೇಳಿದ.

"ಇದುನ್ನ ಯೋಳಕ್ಕೆ ಸಿದ್ದ ಎಷ್ಟ್ ಕೊಟ್ಟ ನಿಮ್ಗೆ?"

ಸಭೆಗೆ ಸಭೆಯೇ ನಕ್ಕಿತು. "ಆವತ್ತು ಗೆದ್ದ ಅಂತ ಮೈಕಲ್ ಯೋಳ್ದೋರೂ ನೀವೇ, ಇವತ್ತು ಇಲ್ಲ ಅಂತ ಮೈಕಲ್ ಯೋಳೋರೂ ನೀವೇ. ಯಾವ್ದುನ್ನ ನಂಬದು?"

ಅವನ ಮಾತು ನ್ಯಾಯವೇ ಆಗಿತ್ತು. ನನ್ನ ನಾಲಗೆಯಿಂದ ಬಂದ ನಿಜಕ್ಕೆ ಬೆಲೆ ಎಲ್ಲಿಯದು? ಆಗ ಜೇಬಿನಿಂದ ಪ್ಲಾಸ್ಟಿಕ್ ಹೊದಿಕೆ ತೆಗೆದೆ. ಹಳದಿ ತಿರುಗಿದ ಟಿಕೆಟ್ಟನ್ನು ಅವನ ಕೈಗೇ ಕೊಟ್ಟೆ. ಮಾದೇವಿಗೆ, ಮನೆಯಿಂದ ಆ ಕಟ್ಟು ಹಾಕಿದ ಫೋಟೋ ತಗೊಂಡು ಬಾ ಎಂದೆ. ಅವಳು ಓಡಿದಳು.

ಪುಟ್ಟಮಾದಯ್ಯ ಫೋಟೋವನ್ನು ಮಂಡಿಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಟಿಕೆಟ್ಟಿನ ನಂಬರನ್ನೂ ಫೋಟೋದ ನಂಬರನ್ನೂ ಬೆರಳಿಟ್ಟು ಒಂದೊಂದಾಗಿ ತಾಳೆ ನೋಡತೊಡಗಿದ. ಮೊದಲ ಅಂಕಿ. ಎರಡನೆಯದು. ಜನ ಸುತ್ತ ಕವಿದುಕೊಂಡರು. ನಾಲ್ಕನೆಯದು. ಆ ಹಳೆಯ ಮೌನ ಮತ್ತೆ ಬಂತು. ಈ ಸಲ ಸೀಮೆಸುಣ್ಣ ನನ್ನ ಕೈಯಲ್ಲಿರಲಿಲ್ಲ. ಏಳನೇ ಅಂಕಿಗೆ ಬಂದು ಅವನು ತಲೆ ಎತ್ತಿದ.

"ಅದೇ ಟಿಕೇಟು" ಎಂದ. ಯಾರೋ, ಅದಕ್ಕೇನಂತೆ ಎಂದರು. ಪುಟ್ಟಮಾದಯ್ಯ ಅವನ ಕಡೆ ತಿರುಗಿ, "ಲೇ, ನೀನು ಯಾವತ್ತಾರ ಲಾಟ್ರಿ ಗೆದ್ದಿದ್ದೀಯೇನ್ಲಾ? ನಾ ಐನೂರು ಗೆದ್ದಿದ್ದೆ. ಟಿಕೇಟ್ ಇಸ್ಕಂಡ್ಮೇಲೇ ದುಡ್ಡು ಕೊಡೋದು. ಲಕ್ಷದ್ದಾದ್ರೆ ಇಂದೆ ರುಜು ಆಕ್ಸಿ ಬೆಂಗ್ಳೂರ್ಗೇ ಕಳುಸ್ಕತಾರೆ. ಗೆದ್ದ ಟಿಕೇಟು ಸರ್ಕಾರದ್ದು. ಕೈಲಿ ಉಳಿಯದು ಸೋತದ್ದು ಮಾತ್ರ" ಎಂದ. ಟಿಕೆಟ್ಟನ್ನು ತಿರುಗಿಸಿ ಹಿಂಬದಿ ತೋರಿಸಿದ. ಖಾಲಿ ಇತ್ತು. ಅದನ್ನು ನನ್ನ ಕೈಗೆ ವಾಪಸ್ ಕೊಟ್ಟ. ಆಟವಾಡಿ ಹಾಳಾದ ಹಳಬರೆಲ್ಲ ತಲೆಯಾಡಿಸಿದರು. ನನ್ನ ಮಾತನ್ನು ಯಾರೂ ನಂಬದಿದ್ದರೂ, ಆ ಲೆಕ್ಕ ಅವರಿಗೆಲ್ಲ ಗೊತ್ತಿತ್ತು.

ಪುಟ್ಟಮಾದಯ್ಯ ಸಿದ್ದರಾಜುವಿನ ಹತ್ತಿರ ಹೋಗಿ ಕೂತ. "ನಿನ್ನ ಮರ ಬಡಿಯಕ್ಕೆ ಕರೀಬ್ಯಾಡಿ ಅಂತ ಮೊದ್ಲು ಅಂದೋನು ನಾನೇ ಕಣ್ಲಾ ಸಿದ್ದ. ಒಟ್ಟೆ ಉರಿ" ಎಂದ. ಅಧಿಕಾರಿ ಹುಡುಗಿ ಪಟ್ಟಿಯಲ್ಲಿ ಹೆಸರನ್ನು ಉಳಿಸಿ, ಪಕ್ಕದಲ್ಲಿ ನನ್ನ ಹೇಳಿಕೆ ಬರೆದುಕೊಂಡು ನನ್ನ ರುಜು ಹಾಕಿಸಿಕೊಂಡರು. ಇದನ್ನು ಬರೆಯುವ ಹೊತ್ತಿಗೆ ಹೆಸರು ಪಟ್ಟಿಯಲ್ಲಿದೆ. ಮನೆ ಇನ್ನೂ ಬರಬೇಕು.

ನಾವು ಸಿದ್ದರಾಜುವಿನ ಮನೆಗೆ ಹಿಂದಿರುಗಿದಾಗ ಅವನ ಹೆಂಡತಿ ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಸುದ್ದಿ ಆಗಲೇ ತಲುಪಿತ್ತು. ನನ್ನನ್ನು ನೋಡಲೂ ಇಲ್ಲ. ನೇರವಾಗಿ ಗಂಡನಿಗೇ, "ಅಂಗಾರೆ ತಮಿಳ್ನಾಡಲ್ಲಿ ಯಾವ್ಳೂ ಇರ್ನಿಲ್ವಾ?" ಎಂದು ಕೇಳಿದಳು.

"ಎಲ್ಲಿದ್ಳು? ನಿನ್ನೊಬ್ಳುನ್ನ ಸಾಕಕ್ಕೇ ಆಗ್ನಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೂರು ಲೋಟ ಟೀ ಬಂತು. ಒಂದನ್ನು ನನ್ನ ಮುಂದೆ ಕುಕ್ಕಿ, "ಕುಡೀರಿ. ಬೈಯದ ಆಮೇಲೆ ಬೈತೀನಿ" ಎಂದಳು. ಬಸ್ಸಿನ ಹೊತ್ತಾಗುವ ತನಕ ಬೈದಳು. ಒಂದು ಮಾತೂ ಹೆಚ್ಚಿರಲಿಲ್ಲ.

ಹೊರಡುವಾಗ ಸಿದ್ದರಾಜು ಕೈ ಚಾಚಿದ. "ಆ ಟಿಕೇಟ್ ಕೊಡಿ ಸಾ. ನನ್ ಕಾಸಲ್ ತಕಂಡಿದ್ದು."

ಕೊಟ್ಟೆ. ಅವನು ಅದನ್ನು ಮಂಜುಗಣ್ಣಿನ ಹತ್ತಿರ ಹಿಡಿದು ನೋಡಿದ. ಕಾಣಲಿಲ್ಲವೆಂದು ತೋರುತ್ತದೆ, ಬೆರಳಿನಿಂದ ಸವರಿದ. ಆಮೇಲೆ ನನ್ನ ಕಡೆ ವಾಲಿ, ಒಳಗಿನವರಿಗೆ ಕೇಳಿಸದ ಹಾಗೆ ಕೇಳಿದ:

"ಆವತ್ತು ಫೋಟೋ ಗಲಾಟೇಲಿ ನೀವು ಯೋಳ್ಲೇ ಇಲ್ಲ. ನಾನೂ ಕೇಳ್ನಿಲ್ಲ. ಇದು ಎಷ್ಟರಲ್ಲಿ ಓಗಿತ್ತು ಸಾ?"

ಇಷ್ಟು ವರ್ಷ ಅವನು ಅದನ್ನು ಎದೆಯಲ್ಲಿ ಇಟ್ಟುಕೊಂಡಿದ್ದ. ಆ ಮುಖ ನನಗೆ ಗೊತ್ತಿದ್ದ ಮುಖ, ಹಲಗೆಯ ಮುಂದೆ ಸಾವಿರ ಸಲ ನೋಡಿದ ಮುಖ. ಕಣ್ಣು ತಾನಾಗಿ ಕಿರಿದಾಯಿತು, ನಾಲಗೆ ಲೊಚಗುಟ್ಟಲು ತಯಾರಾಯಿತು, ಒಂದೇ ನಂಬರ್ ಎಂಬ ಮಾತು ತುಟಿಯ ತನಕ ಬಂತು. ಆ ವಾರದ ಹಾಳೆ ನನಗೆ ಚೆನ್ನಾಗಿ ನೆನಪಿತ್ತು. ಸಿಕ್ಕಿಬೀಳುವ ಹೆದರಿಕೆಗೆ ನಾನೇ ಮೂರು ಸಲ ತಾಳೆ ನೋಡಿದ್ದೆ.

"ಏಳರಲ್ಲಿ ಒಂದೂ ಹೊಂದಿರಲಿಲ್ಲ ಕಣಪ್ಪ ಸಿದ್ದರಾಜು" ಎಂದೆ.

"ಒಂದೂ ಇಲ್ವಾ?"

"ಒಂದೂ ಇಲ್ಲ."

ಅವನು ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ, ಬಿಡಿಸಿದ ಹುಣಸೆ ಬೀಜದ ರಾಶಿಯ ಮೇಲೆ ಹಾಕಿ, ಮತ್ತೆ ಕೆಲಸಕ್ಕೆ ಕೈ ಹಾಕಿದ.